ಪಟಾಕಿ ರಾತ್ರಿಗೆ ಯಾವ ಉಪಾಯ? ನಿಮ್ಮ ನಾಯಿ, ಬೆಕ್ಕಿಗೆ ಹೊಂದುವುದನ್ನು ಆರಿಸಿಕೊಳ್ಳುವ ಬಗೆ

ನಮ್ಮ ಕರಿಯ ಮೊದಲ ಸಲ ಪಟಾಕಿಗೆ ಹೆದರಿದ್ದು ನಮಗೆ ಗೊತ್ತೇ ಆಗಲಿಲ್ಲ. ಅದು ಬೊಗಳಲಿಲ್ಲ, ಓಡಾಡಲಿಲ್ಲ. ಬಚ್ಚಲುಮನೆಯ ಮೂಲೆಯಲ್ಲಿ ಬಕೆಟ್ ಹಿಂದೆ ಗೋಡೆಗೆ ಮುಖ ಮಾಡಿ ಕೂತಿತ್ತು. ಪರವಾಗಿಲ್ಲ, ಸುಮ್ನೆ ಕೂತಿದೆ ಅಂದುಕೊಂಡೆವು. ಬೇಯಿಸಿದ ಕೋಳಿ ತುಂಡು ಅಂದರೆ ಅದಕ್ಕೆ ಪ್ರಾಣ. ಒಂದು ತುಂಡು ತಂದು ಮೂಗಿನ ಹತ್ತಿರ ಹಿಡಿದೆ. ಮೂಸಲೂ ಇಲ್ಲ. ಆಮೇಲೆ ಕೆಳಗೆ ನೋಡಿದರೆ ಜೊಲ್ಲು ಸುರಿದು ನೆಲ ಅಂಗೈ ಅಗಲ ಒದ್ದೆಯಾಗಿತ್ತು. ನಾಯಿ ಸುಮ್ಮನೆ ಕೂತಿರಲಿಲ್ಲ, ಹೆದರಿ ಮರಗಟ್ಟಿತ್ತು.

ಆಮೇಲಿನ ವರ್ಷಗಳಲ್ಲಿ ಬಿಗಿ ಅಂಗಿ, ಗೋಡೆಗೆ ಸಿಕ್ಕಿಸುವ ಡಿಫ್ಯೂಸರ್, ಶಾಂತಿ ಬಿಸ್ಕತ್ತು, ಹಾಡು, ಔಷಧಿ ಎಲ್ಲವನ್ನೂ ನೋಡಿದ್ದಾಯಿತು. ಯಾವುದು ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಪಟಾಕಿ ಸದ್ದು ಬಂದಾಗ ನಿಮ್ಮ ಪ್ರಾಣಿ ತಿನ್ನುತ್ತಾ? ಹಬ್ಬಕ್ಕೆ ಇನ್ನು ಎಷ್ಟು ದಿನ ಇದೆ?

ಮೊದಲು ಬಾಯಿ ನೋಡಿ

ಸದ್ದು ಕೇಳಿ ಕಿವಿ ನಿಮಿರಿಸಿ, ಒಂದು ಗಳಿಗೆ ನಿಂತು, ಮತ್ತೆ ಬಂದು ತಿಂಡಿ ತಿಂದರೆ ಅದು ಬರೀ ಬೆಚ್ಚಿಬೀಳುವುದು. ತುಟಿ ನೆಕ್ಕಿಕೊಳ್ಳುತ್ತಾ, ನಿದ್ದೆ ಬರದಿದ್ದರೂ ಆಕಳಿಸುತ್ತಾ, ಬಾಲ ಒಳಗೆ ಸೇರಿಸಿಕೊಂಡು, ಆದರೂ ಕೈಯಿಂದ ಗಬಕ್ಕನೆ ಕಿತ್ತುಕೊಂಡಾದರೂ ತಿಂದರೆ ನಡು ಮಟ್ಟದ ಹೆದರಿಕೆ. ಇಷ್ಟವಾದದ್ದನ್ನೇ ಕೊಟ್ಟರೂ ಮುಟ್ಟದೆ ನಡುಗುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ, ಬಾಗಿಲು ಕೆರೆಯುತ್ತಿದ್ದರೆ, ಇಲ್ಲಾ ಕರಿಯನ ಹಾಗೆ ಕಲ್ಲಾಗಿ ಕೂತರೆ ಅದು ದಿಗಿಲು. ಈ ಮೂರನೇ ಗುಂಪಿಗೆ ಅಂಗಡಿ ಸಾಮಾನು ಹುಡುಕುತ್ತಾ ಕೂರಬೇಡಿ, ಪಶುವೈದ್ಯರಿಗೆ ಫೋನ್ ಮಾಡಿ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಇನ್ನೊಂದು ಮಾತು. ಐದಾರು ವರ್ಷ ಯಾವ ಪಟಾಕಿಗೂ ಜಗ್ಗದ ನಾಯಿ ಈಗ ಇದ್ದಕ್ಕಿದ್ದಂತೆ ಹೆದರತೊಡಗಿದೆಯಾ? ಮೊದಲು ಅದರ ಮೈ ಕೈ ನೋಡಿಸಿ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸದ್ದಿಗೆ ಹೆದರುವ ನಾಯಿಗಳ ಪೈಕಿ ಕೀಲು ನೋವು, ಮಾಂಸಖಂಡದ ನೋವು ಇದ್ದವುಗಳನ್ನೂ ಇಲ್ಲದವುಗಳನ್ನೂ ಹೋಲಿಸಿದ್ದರು. ನೋವಿದ್ದ ನಾಯಿಗಳಲ್ಲಿ ಹೆದರಿಕೆ ಶುರುವಾದ ವಯಸ್ಸು ಸರಾಸರಿ ನಾಲ್ಕು ವರ್ಷದಷ್ಟು ತಡವಾಗಿತ್ತು. ನೋಡಿದ್ದು ಇಪ್ಪತ್ತೇ ನಾಯಿಗಳನ್ನು, ನಿಜ. ಆದರೆ ಕಾರಣ ಊಹಿಸುವುದು ಕಷ್ಟವಲ್ಲ. ಢಂ ಅಂದಾಗ ಮೈ ಸೆಟೆದುಕೊಳ್ಳುತ್ತದೆ, ಸೆಟೆದಾಗ ನೋಯುತ್ತದೆ, ಸದ್ದಿಗೂ ನೋವಿಗೂ ಗಂಟು ಬೀಳುತ್ತದೆ. ನೋವಿಗೆ ಔಷಧಿ ಕೊಡದೆ ಹೆದರಿಕೆಗೆ ಏನು ಮಾಡಿದರೂ ಅರ್ಧಂಬರ್ಧವೇ.

ತಿಂಡಿಯಾ, ಅಂಗಡಿ ಸಾಮಾನಾ?

ಈ ಹೋಲಿಕೆಯಲ್ಲಿ ನನ್ನ ಓಟು ಯಾವಾಗಲೂ ತಿಂಡಿಗೆ. ಬರ್ನ್ ವಿಶ್ವವಿದ್ಯಾಲಯದ ಸ್ಟೆಫನಿ ರೀಮರ್ ಅನ್ನುವ ಸಂಶೋಧಕಿ 1,225 ನಾಯಿಗಳ ಮಾಲೀಕರನ್ನು ಕೇಳಿ, ಪಟಾಕಿ ಹೆದರಿಕೆಗೆ ಯಾವುದು ಕೆಲಸ ಮಾಡಿತು ಅಂತ 2020ರಲ್ಲಿ ಪ್ರಕಟಿಸಿದರು. ಸದ್ದು ಬಂದ ತಕ್ಷಣ ತಿಂಡಿ ಕೊಡುವುದು, ಆಟ ಆಡಿಸುವುದು ಉಪಯೋಗವಾಯಿತು ಅಂದವರು ನೂರಕ್ಕೆ 70ಕ್ಕೂ ಹೆಚ್ಚು. ಹೇಳಿದಾಗ ಮೈ ಸಡಿಲ ಬಿಡುವ ತರಬೇತಿಗೆ 69, ವೈದ್ಯರು ಬರೆದುಕೊಟ್ಟ ಔಷಧಿಗೂ 69. ರೆಕಾರ್ಡ್ ಮಾಡಿದ ಸದ್ದು ಕೇಳಿಸಿ ರೂಢಿ ಮಾಡಿಸುವುದಕ್ಕೆ 55. ಬಿಗಿ ಅಂಗಿಗೆ 44. ಫೆರೊಮೋನ್ (ಪ್ರಾಣಿಗಳು ಒಂದಕ್ಕೊಂದು ಸುಳಿವು ಕೊಡಲು ಬಿಡುವ ವಾಸನೆಯಂಥ ವಸ್ತು), ಗಿಡಮೂಲಿಕೆ, ಹೋಮಿಯೋಪತಿ, ಪರಿಮಳ ತೈಲ ಇವೆಲ್ಲ 27ರಿಂದ 35ರ ನಡುವೆ ನಿಂತವು. ಏನೂ ಇಲ್ಲದ ಸಕ್ಕರೆ ಗುಳಿಗೆ ಕೊಟ್ಟರೂ ಮನಸ್ಸಿನ ನಂಬಿಕೆಯಿಂದ ಅಷ್ಟು ಜನ ಪರವಾಗಿಲ್ಲ ಅಂದಾರು.

ಇದು ಮಾಲೀಕರು ಹೇಳಿದ ಲೆಕ್ಕ, ನಾಯಿಯ ಎದೆಬಡಿತ ಅಳೆದದ್ದಲ್ಲ. ಅದನ್ನು ಮರೆಯಬಾರದು. ಆದರೂ ಎಲ್ಲಕ್ಕಿಂತ ಕಡಿಮೆ ಖರ್ಚಿನದೇ ಪಟ್ಟಿಯ ಮೇಲ್ತುದಿಯಲ್ಲಿ ಕೂತಿದೆ, ಅಲ್ವಾ?

ಆದರೆ ತಿಂಡಿ ಕೊಡುವುದರಲ್ಲಿ ಒಂದು ಕ್ರಮ ಇದೆ. ಮೊದಲು ಸದ್ದು, ಆಮೇಲೆ ತುಂಡು. ಉಲ್ಟಾ ಆದರೆ ಕೆಲಸ ಕೆಡುತ್ತದೆ. ತುಂಡು ಮೊದಲು ಬಂದು ಆಮೇಲೆ ಢಂ ಅಂದರೆ, ಇವರು ಡಬ್ಬಿ ತೆಗೆದರೆ ಏನೋ ಕೆಟ್ಟದ್ದು ಬರುತ್ತದೆ ಅಂತ ನಾಯಿ ಕಲಿಯುತ್ತದೆ. ಡಬ್ಬಿ ಜೇಬಿನಲ್ಲಿರಲಿ. ಢಂ ಅಂದ ಮೇಲೆ ಒಂದೆರಡು ಸೆಕೆಂಡಿನಲ್ಲಿ ಉಗುರಿನಷ್ಟು ತುಂಡು. ದೂರದ ಸಣ್ಣ ಸದ್ದಿಗೂ ಕೊಡಿ, ನಾಯಿ ಹೆದರದಿದ್ದರೂ ಕೊಡಿ. ಒಳ್ಳೆಯ ನಡತೆಗೆ ಬಹುಮಾನ ಅಂತ ಕೊಡುತ್ತಿಲ್ಲ ನಾವು, ಸದ್ದಿಗೂ ರುಚಿಗೂ ನಂಟು ಕಟ್ಟುತ್ತಿದ್ದೇವೆ. ಇನ್ನೂ ಹೆದರಿಕೆ ಏನೆಂದೇ ಗೊತ್ತಿಲ್ಲದ ಮರಿಗಳಿಗೆ ಮೊದಲ ಹಬ್ಬದಿಂದಲೇ ಹೀಗೆ ಮಾಡಿದರೆ ಮುಂದಿನ ತಲೆನೋವು ಎಷ್ಟೋ ತಪ್ಪುತ್ತದೆ.

ಹೆದರಿದಾಗ ಮುದ್ದು ಮಾಡಿದರೆ ಹೆದರಿಕೆ ಜಾಸ್ತಿ ಆಗುತ್ತದೆ ಅಂತ ಹೇಳುವವರು ಇನ್ನೂ ಇದ್ದಾರೆ. ನಂಬಬೇಡಿ. ಹೆದರಿಕೆ ನಾಯಿ ಬೇಕೆಂದು ಮಾಡುವ ಚೇಷ್ಟೆಯಲ್ಲ, ನೀವು ತಲೆ ಸವರಿದಿರಿ ಅಂತ ಅದು ಇನ್ನಷ್ಟು ಹೆದರುವುದಿಲ್ಲ. ಹತ್ತಿರ ಬಂದರೆ ಒತ್ತಿಕೊಂಡು ಕೂರಲು ಬಿಡಿ. ಹೋಗಿ ಬಚ್ಚಿಟ್ಟುಕೊಂಡರೆ ಎಳೆದು ತಂದು ಅಪ್ಪಿಕೊಳ್ಳಬೇಡಿ. ಬೈಯುವುದಂತೂ ಬೇಡವೇ ಬೇಡ.

ಬಿಗಿ ಅಂಗಿ ಮತ್ತು ಡಿಫ್ಯೂಸರ್

ಬಿಗಿ ಅಂಗಿ ಅಂದರೆ ಎದೆ ಮತ್ತು ಹೊಟ್ಟೆಯನ್ನು ಹದವಾಗಿ ಒತ್ತಿ ಹಿಡಿಯುವ ಬಟ್ಟೆ. ಕೆಲವಕ್ಕೆ ಹಿತ ಕೊಡುತ್ತದೆ. ತೆಗೆದುಕೊಳ್ಳುವುದಾದರೆ ಹಬ್ಬದ ದಿನ ಮೊದಲ ಸಲ ಹಾಕಬೇಡಿ. ಸದ್ದಿಲ್ಲದ ದಿನಗಳಲ್ಲಿ ಹತ್ತು ನಿಮಿಷ ಹಾಕಿ, ತಿಂಡಿ ಕೊಟ್ಟು, ಬಿಚ್ಚಿ. ಇಲ್ಲದಿದ್ದರೆ ಅಂಗಿಯೇ ಪಟಾಕಿಯ ಗುರುತಾಗುತ್ತದೆ. ಹಾಕಿದ ತಕ್ಷಣ ನಾಯಿ ಅಲುಗಾಡದೆ ನಿಂತರೆ ವಾಹ್, ಶಾಂತವಾಯಿತು ಅಂದುಕೊಳ್ಳಬೇಡಿ. ನಾವು ಅದೇ ತಪ್ಪು ಮಾಡಿದ್ದೆವು. ಒಂದು ತುಂಡು ಮುಂದೆ ಹಿಡಿದು ನೋಡಿ. ತಿಂದು, ಬಾಲ ಅಲ್ಲಾಡಿಸಿ, ನಡೆದು ಹೋದರೆ ಸರಿ. ಸೆಖೆಗಾಲದಲ್ಲಿ ಮೈ ಬಿಸಿಯಾಗುತ್ತದೆ, ಅದನ್ನೂ ಗಮನಿಸಿ.

ಗೋಡೆಗೆ ಸಿಕ್ಕಿಸಿ ಫೆರೊಮೋನ್ ಹರಡುವ ಡಿಫ್ಯೂಸರ್‌ನಿಂದ ಹಾನಿ ಇಲ್ಲ, ದೊಡ್ಡ ಲಾಭವನ್ನೂ ನಾನು ಕಾಣಲಿಲ್ಲ. ನಾಯಿಗೆ ಬೇರೆ, ಬೆಕ್ಕಿಗೆ ಬೇರೆ, ಒಂದು ಇನ್ನೊಂದಕ್ಕೆ ಆಗುವುದಿಲ್ಲ. ಕನಿಷ್ಠ ಒಂದು ದಿನ ಮುಂಚೆ, ಪ್ರಾಣಿ ಮಲಗುವ ಕೋಣೆಯಲ್ಲೇ, ಸೋಫಾ ಹಿಂದೆ ಮುಚ್ಚಿಹೋಗದ ಹಾಗೆ ಹಾಕಬೇಕು. ಇದೊಂದನ್ನೇ ನಂಬಿಕೊಂಡು ಹಬ್ಬಕ್ಕೆ ಇಳಿಯಬೇಡಿ.

ಪರಿಮಳ ತೈಲದ ವಿಷಯಕ್ಕೆ ಮಾತ್ರ ನಾನು ನೇರವಾಗಿ ಬೇಡ ಅನ್ನುತ್ತೇನೆ. ಬೆಕ್ಕಿನ ಲಿವರ್‌ಗೆ ಅವುಗಳಲ್ಲಿರುವ ಕೆಲವು ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಕಡಿಮೆ. ಟೀ ಟ್ರೀ ಎಣ್ಣೆಯಂಥದ್ದು ನಾಯಿಗೂ ವಿಷ. ಪಕ್ಷಿ ಇರುವ ಮನೆಯಲ್ಲಿ ಅದರ ಹೊಗೆಯೂ ಬೇಡ.

ರೆಕಾರ್ಡಿಂಗ್ ಕೇಳಿಸುವುದು: ದಿನ ಇದ್ದವರಿಗೆ ಮಾತ್ರ

ಹಬ್ಬಕ್ಕೆ ಎರಡು ಮೂರು ತಿಂಗಳಿದ್ದರೆ ಇದು ಒಳ್ಳೆಯ ದಾರಿ. ವಾರವೇ ಉಳಿದಿದ್ದರೆ ಕೈ ಹಾಕಬೇಡಿ, ಅವಸರದಲ್ಲಿ ಹೆದರಿಕೆ ಹೆಚ್ಚಾಗುವುದೇ ಜಾಸ್ತಿ. ಪಟಾಕಿ ಸದ್ದಿನ ರೆಕಾರ್ಡಿಂಗ್ ಅನ್ನು ನಾಯಿಯ ಕಿವಿ ಒಂದಿಷ್ಟು ತಿರುಗುವಷ್ಟು ಮಾತ್ರ ಸಣ್ಣಗೆ ಹಾಕಿ, ತಿಂಡಿ ಕೊಡಿ. ಐದು ನಿಮಿಷ ಸಾಕು. ಕೆಲವು ದಿನ ಅದೇ ಮಟ್ಟ, ಆಮೇಲೆ ಕೂದಲೆಳೆಯಷ್ಟು ಜಾಸ್ತಿ. ತಿನ್ನುವುದು ನಿಲ್ಲಿಸಿತು ಅಂದರೆ ನೀವು ಮುಂದೆ ಓಡಿದ್ದೀರಿ, ಹಿಂದಕ್ಕೆ ಬನ್ನಿ.

ಒಂದು ಮಿತಿ ಇದೆ. ನಿಜವಾದ ಬಾಂಬಿನ ಸದ್ದು ಎದೆಗೆ ಗುದ್ದುತ್ತದೆ. ಫೋನಿನ ಸ್ಪೀಕರ್‌ಗೆ ಆ ತಗ್ಗು ಸ್ವರ ಬರುವುದೇ ಇಲ್ಲ. ಫೋನಿಗೆ ನಿಶ್ಚಿಂತೆಯಾಗಿರುವ ನಾಯಿ ಹೊರಗಿನ ಸದ್ದಿಗೆ ಹೆದರಿದರೆ ಆಶ್ಚರ್ಯವಿಲ್ಲ. ಸಾಧ್ಯವಾದರೆ ದೊಡ್ಡ ಸ್ಪೀಕರ್ ಬಳಸಿ, ಸಾಕಾಗದಿದ್ದರೆ ಹಬ್ಬದ ರಾತ್ರಿಗೆ ಬೇರೆ ಏರ್ಪಾಡೂ ಇರಲಿ.

ಔಷಧಿ: ಯಾವುದು ಯಾವಾಗ

ನನಗೆ ಇಲ್ಲಿ ತಡವಾಗಿ ಬುದ್ಧಿ ಬಂತು. ಔಷಧಿ ಅಂದರೆ ನಾಯಿಯನ್ನು ಮಂಕು ಮಾಡುವುದು ಅಂದುಕೊಂಡು ಎರಡು ಹಬ್ಬ ದೂಡಿದೆ. ತಿಂಡಿ ಮುಟ್ಟದಷ್ಟು ಹೆದರಿದ ನಾಯಿಗೆ ತಿಂಡಿ ಉಪಾಯ ಹೇಗೆ ನಡೆಯುತ್ತದೆ? ಅದು ಮತ್ತೆ ಬಾಯಿ ತೆರೆಯುವ ಮಟ್ಟಕ್ಕೆ ಹೆದರಿಕೆಯನ್ನು ಇಳಿಸುವುದೇ ಔಷಧಿಯ ಕೆಲಸ. ಪ್ರತಿ ಹಬ್ಬಕ್ಕೂ ಸುಮ್ಮನೆ ಬಿಟ್ಟರೆ ಬಹಳ ನಾಯಿಗಳಲ್ಲಿ ಹೆದರಿಕೆ ಬೆಳೆಯುತ್ತಾ ಹೋಗುತ್ತದೆ. ಮೊದಲು ಬಾಂಬಿಗೆ, ಆಮೇಲೆ ಗುಡುಗಿಗೆ, ಕೊನೆಗೆ ಬಾಗಿಲು ಬಡಿದರೂ.

ಯಾವುದೇ ಔಷಧಿ ಪಶುವೈದ್ಯರು ನೋಡಿ ಬರೆದುಕೊಟ್ಟದ್ದೇ ಆಗಿರಬೇಕು. ಆದರೆ ಅವರ ಹತ್ತಿರ ಹೋಗುವಾಗ ಏನು ಕೇಳಬೇಕು ಅಂತ ಗೊತ್ತಿದ್ದರೆ ಒಳ್ಳೆಯದು. ಡೆಕ್ಸ್‌ಮೆಡೆಟೊಮಿಡಿನ್ ಜೆಲ್ ಅನ್ನುವುದು ಸದ್ದಿನ ಹೆದರಿಕೆಗೆಂದೇ ಬಂದದ್ದು. ಯುರೋಪಿನಲ್ಲಿ 2015ರಲ್ಲಿ, ಅಮೆರಿಕದಲ್ಲಿ ಅದರ ಮರುವರ್ಷ ಒಪ್ಪಿಗೆ ಸಿಕ್ಕಿತು. ಎಲ್ಲ ದೇಶದಲ್ಲೂ ಸಿಗುವುದಿಲ್ಲ. ಕೆನ್ನೆಗೂ ಒಸಡಿಗೂ ನಡುವೆ ಹಚ್ಚಬೇಕು, ನುಂಗಿದರೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಹಚ್ಚುವವರು ಕೈಗವಸು ಹಾಕಿಕೊಳ್ಳಬೇಕು. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹಿಡಿಯುತ್ತದೆ, ಎರಡು ಮೂರು ಗಂಟೆ ಇರುತ್ತದೆ. ಪಟಾಕಿ ಯಾವಾಗ ಶುರುವಾಗುತ್ತದೋ ಗೊತ್ತಿಲ್ಲದ ಕಡೆಗೆ ಇದು ಹೊಂದುತ್ತದೆ. ಇಮೆಪಿಟೊಯಿನ್ ಇದಕ್ಕೆ ತದ್ವಿರುದ್ಧ. ಅದನ್ನು ಎರಡು ದಿನ ಮುಂಚೆಯೇ ಶುರು ಮಾಡಬೇಕು, ಹಾಗಾಗಿ ದಿನ ನಿಗದಿಯಾಗಿರುವ ಹಬ್ಬಕ್ಕೆ ಸರಿ. ಟ್ರಜೊಡೋನ್, ಗ್ಯಾಬಪೆಂಟಿನ್ ಮನುಷ್ಯರಿಗೆ ಅಂತ ಬಂದ ಔಷಧಿಗಳು. ವೈದ್ಯರು ನಾಯಿಗೂ, ಗ್ಯಾಬಪೆಂಟಿನ್ ಅನ್ನು ಬೆಕ್ಕಿಗೂ ಬರೆಯುತ್ತಾರೆ. ಸದ್ದಿಗೆ ಒಂದೂವರೆ ಎರಡು ಗಂಟೆ ಮುಂಚೆ ಕೊಟ್ಟರೆ ಲಾಭ, ಸದ್ದು ಶುರುವಾದ ಮೇಲೆ ಕೊಟ್ಟರೆ ಹಿಡಿಯುವಷ್ಟರಲ್ಲಿ ಹೆದರಿಕೆ ಮುಗಿಲು ಮುಟ್ಟಿರುತ್ತದೆ. ಅಲ್ಪ್ರಜೊಲಾಮ್ ಬೇಗ ಹಿಡಿಯುತ್ತದೆ, ಆದರೆ ಕೆಲವು ನಾಯಿಗಳಲ್ಲಿ ಶಾಂತಿಯ ಬದಲು ಹಾರಾಟ ತರಿಸುತ್ತದೆ.

ಅದಕ್ಕೇ ಯಾವ ಔಷಧಿಯಾದರೂ ಹಬ್ಬಕ್ಕೆ ಮುಂಚೆ, ನೀವು ದಿನವಿಡೀ ಮನೆಯಲ್ಲಿರುವ ಒಂದು ದಿನ ಪರೀಕ್ಷೆ ಮಾಡಿ ನೋಡಿ. ಎಷ್ಟು ಹೊತ್ತಿಗೆ ಹಿಡಿಯಿತು, ತೂರಾಡಿತಾ, ತಿಂತಾ, ಬರೆದಿಡಿ. ವೈದ್ಯರು ಡೋಸ್ ಸರಿಮಾಡಲು ಆ ಚೀಟಿಯೇ ಆಧಾರ.

ಎಸಿಪ್ರೊಮಜೀನ್ ಹಳೆಯ ಕಾಲದಿಂದ ಬಳಕೆಯಲ್ಲಿದೆ. ಮೈ ಸಡಿಲವಾಗುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ, ನೋಡುವ ನಮಗೆ ಸಮಾಧಾನ. ಒಳಗಿನ ಹೆದರಿಕೆ ಹಾಗೇ ಇರುತ್ತದೆ, ಓಡಿ ಬಚ್ಚಿಟ್ಟುಕೊಳ್ಳಲು ಮಾತ್ರ ಆಗುವುದಿಲ್ಲ. ಅದೊಂದನ್ನೇ ಕೊಟ್ಟರೆ ಸಾಕಾ ಅಂತ ಧೈರ್ಯವಾಗಿ ಕೇಳಿ, ಬೇರೆ ಏನಿದೆ ಅಂತಲೂ ಕೇಳಿ.

ಮನೆಯ ಮಾತ್ರೆ ಡಬ್ಬಿಗೆ ಕೈ ಹಾಕಬೇಡಿ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಹುದು. ಮನುಷ್ಯರ ಗ್ಯಾಬಪೆಂಟಿನ್ ಸಿರಪ್ಪಿನಲ್ಲಿ ಸಿಹಿಗೆ ಜೈಲಿಟಾಲ್ ಹಾಕಿರುವುದುಂಟು, ಅದು ನಾಯಿಗೆ ವಿಷ. ಹೆಸರು ಒಂದೇ ಅಂತ ಬಾಟಲಿ ಒಂದೇ ಆಗುವುದಿಲ್ಲ.

ಮನೆಯಲ್ಲಿ ಕೋಣೆಯಾ, ಬೋನಾ, ಬೇರೆ ಊರಾ?

ಮೊದಲ ಆಯ್ಕೆ ಒಳಗಿನ ಒಂದು ಕೋಣೆ. ಕಿಟಕಿ ಕಡಿಮೆ ಇರುವುದು, ಬೀದಿಯಿಂದ ದೂರ ಇರುವುದು. ಪರದೆ ಎಳೆದು ದೀಪ ಹಾಕಿಡಿ, ಹೊರಗಿನ ಮಿಂಚು ಕಾಣುವುದಿಲ್ಲ. ಆದರೆ ನೀವು ಚೆಂದ ಮಾಡಿಟ್ಟ ಕೋಣೆಗಿಂತ ಅದು ತಾನೇ ಆರಿಸಿಕೊಂಡ ಜಾಗವೇ ಮೇಲು. ಕರಿಯನಿಗೆ ಮೆತ್ತನೆ ಹಾಸಿಗೆ ಹಾಕಿ ಕೋಣೆ ಸಿದ್ಧ ಮಾಡಿದ್ದೆವು, ಅದು ಹೋಗಿದ್ದು ಮತ್ತೆ ಬಚ್ಚಲುಮನೆಗೇ. ಸೋತು ಹಾಸಿಗೆಯನ್ನೇ ಅಲ್ಲಿಗೆ ಒಯ್ದೆವು.

ಬೋನು ಅಂದರೆ ಕ್ರೇಟ್. ಮೊದಲಿಂದ ಅದರಲ್ಲಿ ಸಂತೋಷವಾಗಿ ಮಲಗುವ ನಾಯಿಗೆ ಸರಿ, ಬಾಗಿಲು ತೆರೆದಿರಲಿ. ದಿಗಿಲುಬೀಳುವ ನಾಯಿಯನ್ನು ಒಳಗೆ ಹಾಕಿ ಚಿಲಕ ಹಾಕಿದರೆ ಕಂಬಿ ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ.

ಹಾಡಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಏರು ಸ್ವರ ನಾಯಿಗೆ ಸುಮಾರು 45 ಸಾವಿರ ಹರ್ಟ್ಸ್‌ವರೆಗೆ, ಬೆಕ್ಕಿಗೆ 60 ಸಾವಿರಕ್ಕೂ ಮೇಲೆ ಕೇಳಿಸುತ್ತದೆ, ನಮಗೆ 20 ಸಾವಿರಕ್ಕೇ ಮುಗಿಯಿತು. ಆದರೆ ಪಟಾಕಿಯ ಆ ಗುಡುಗು ತಗ್ಗು ಸ್ವರದ್ದು, ಗೋಡೆ ಕಿಟಕಿ ದಾಟಿ ಬರುವುದೂ ಅದೇ. ಮೆಲುವಾದ ಕೊಳಲು ಅದನ್ನು ಮುಚ್ಚುವುದಿಲ್ಲ. ಫ್ಯಾನಿನ ಭರ್ರ್ ಸದ್ದು, ಡೋಲು ಮೃದಂಗದ ನಿಧಾನ ನಡೆ ಇರುವ ಸಂಗೀತ ವಾಸಿ. ಪಟಾಕಿಗಿಂತ ಜೋರಾಗಿ ಹಾಕಿದರೆ ಅದೇ ಇನ್ನೊಂದು ಹಿಂಸೆ.

ಸದ್ದಿಲ್ಲದ ಕಡೆಗೆ ನೀವೂ ಜೊತೆಯಲ್ಲಿ ಹೋಗುವುದಾದರೆ ದಿಗಿಲಿನ ನಾಯಿಗೆ ಅದಕ್ಕಿಂತ ಒಳ್ಳೆಯದಿಲ್ಲ. ನೀವಿಲ್ಲದೆ ಬಿಟ್ಟುಬರುವುದು ಬೇರೆ ಮಾತು. ಒಂದು ವರ್ಷ ನಾಯಿ ನೋಡಿಕೊಳ್ಳುವ ಒಂದು ಜಾಗದಲ್ಲಿ ಬಿಟ್ಟೆವು. ಅಲ್ಲಿ ಪಟಾಕಿ ಸದ್ದೇ ಇಲ್ಲ ಅಂದಿದ್ದರು. ಮರುದಿನ ಹೋದರೆ ಕರಿಯನ ಮುಂಗಾಲಿನ ಎರಡು ಉಗುರು ಕಿತ್ತುಹೋಗಿದ್ದವು, ಬಾಗಿಲು ಕೆರೆದೂ ಕೆರೆದೂ. ರಾತ್ರಿ ಅಲ್ಲಿ ಯಾರೂ ಮಲಗುವುದಿಲ್ಲ ಅಂತ ಆಗ ಗೊತ್ತಾಯಿತು. ನೀವು ಬಿಡುವುದಾದರೆ ರಾತ್ರಿ ಯಾರಿರುತ್ತಾರೆ, ಔಷಧಿ ಯಾರು ಕೊಡುತ್ತಾರೆ, ಹೆದರಿದರೆ ಎಲ್ಲಿ ಇಡುತ್ತಾರೆ, ಈ ಮೂರನ್ನು ಕೇಳಿಯೇ ಬಿಡಿ.

ಬೆಕ್ಕು, ಮೊಲ, ಹಕ್ಕಿ

ಬೆಕ್ಕನ್ನು ಬೇರೆ ಕಡೆ ಒಯ್ಯುವುದು ಸಾಮಾನ್ಯವಾಗಿ ಬೇಡ. ಅದಕ್ಕೆ ತನ್ನ ಜಾಗವೇ ಧೈರ್ಯ. ಬೀರುವಿನ ಮೇಲೊಂದು, ಮಂಚದ ಕೆಳಗೊಂದು ರಟ್ಟಿನ ಪೆಟ್ಟಿಗೆ, ಒಳಗೆ ನಿಮ್ಮ ಹಳೆಯ ಬಟ್ಟೆ. ಮಲದ ತಟ್ಟೆ, ನೀರು ಅದೇ ಕೋಣೆಯಲ್ಲಿ. ಬಚ್ಚಿಟ್ಟುಕೊಂಡ ಬೆಕ್ಕನ್ನು ಹೊರಗೆಳೆಯಬೇಡಿ, ಪರಚಿಸಿಕೊಳ್ಳುತ್ತೀರಿ, ಅದರ ನಂಬಿಕೆಯನ್ನೂ ಕಳೆದುಕೊಳ್ಳುತ್ತೀರಿ.

ಮೊಲಕ್ಕೆ ಬಾಯಿಯ ಲೆಕ್ಕ ಎಲ್ಲಕ್ಕಿಂತ ಗಂಭೀರ. ಹೆದರಿ ತಿನ್ನುವುದು ಬಿಟ್ಟರೆ ಕರುಳಿನ ಚಲನೆಯೇ ನಿಲ್ಲಬಹುದು. ಹುಲ್ಲನ್ನು ಎರಡರಷ್ಟು ಹಾಕಿ, ಅದರೊಳಗೆ ತೂರಿಕೊಳ್ಳಲಿ. ಬೆಳಗ್ಗೆ ಹಿಕ್ಕೆ ಬಿದ್ದಿದೆಯಾ ನೋಡಿ. ಅರ್ಧ ದಿನ ತಿನ್ನದಿದ್ದರೆ ನಾಳೆ ನೋಡೋಣ ಅನ್ನದೆ ವೈದ್ಯರ ಹತ್ತಿರ ಹೋಗಿ.

ಹಕ್ಕಿಯ ಪಂಜರವನ್ನು ಕಿಟಕಿಯಿಂದ ದೂರ ಇಟ್ಟು ಮೂರು ಕಡೆ ಬಟ್ಟೆ ಮುಚ್ಚಿ, ಒಂದು ಕಡೆ ಬಿಡಿ. ಪೂರ್ತಿ ಕತ್ತಲೆ ಬೇಡ. ಕಾಕಟೀಲ್‌ನಂಥ ಹಕ್ಕಿಗಳು ಕತ್ತಲಲ್ಲಿ ಬೆಚ್ಚಿದರೆ ಪಂಜರಕ್ಕೆ ಬಡಿದುಕೊಂಡು ರೆಕ್ಕೆ ಮುರಿದುಕೊಳ್ಳುತ್ತವೆ. ಸಣ್ಣ ದೀಪವೊಂದು ಉರಿಯುತ್ತಿರಲಿ.

ತಪ್ಪಿಸಿಕೊಂಡರೆ: ಬೆಲ್ಟಾ, ಚಿಪ್ಪಾ, ಜಿಪಿಎಸ್ಸಾ?

ಮೂರೂ ಬೇರೆ ಬೇರೆ ಕೆಲಸಕ್ಕೆ. ಬೆಲ್ಟಿನ ಮೇಲೆ ಫೋನ್ ನಂಬರ್ ಇದ್ದರೆ ದಾರಿಹೋಕರೂ ಫೋನ್ ಮಾಡಬಹುದು, ಆದರೆ ಬೆಲ್ಟು ಜಾರುತ್ತದೆ. ಚಿಪ್ ಅಂದರೆ ಗುರುತಿನ ಸಂಖ್ಯೆ ಇರುವ ಪುಟ್ಟ ಮೈಕ್ರೋಚಿಪ್, ಚರ್ಮದ ಕೆಳಗಿರುವುದರಿಂದ ಜಾರುವುದಿಲ್ಲ, ಆದರೆ ನಾಯಿ ಎಲ್ಲಿದೆ ಅಂತ ಅದು ಹೇಳುವುದಿಲ್ಲ. ಯಾರಾದರೂ ಸ್ಕ್ಯಾನರ್ ಹಿಡಿದರೆ 15 ಅಂಕಿಯ ಒಂದು ಸಂಖ್ಯೆ ಬರುತ್ತದೆ, ಅಷ್ಟೇ. ಆ ಸಂಖ್ಯೆಯ ಜೊತೆ ನಿಮ್ಮ ಹಳೆಯ ಫೋನ್ ನಂಬರ್ ನೋಂದಣಿಯಾಗಿದ್ದರೆ ಚಿಪ್ ಇದ್ದೂ ಇಲ್ಲದ ಹಾಗೆ. ಇವತ್ತೇ ನೋಡಿ ಬದಲಾಯಿಸಿ. ಜಿಪಿಎಸ್ ಮಾತ್ರ ಜಾಗ ತೋರಿಸುತ್ತದೆ, ಚಾರ್ಜ್ ಇದ್ದರೆ. ಒಂದನ್ನೇ ಆರಿಸಬೇಕು ಅಂದರೆ ನಾನು ಚಿಪ್ ಅನ್ನುತ್ತೇನೆ, ಎರಡಾದರೆ ಜೊತೆಗೆ ಬೆಲ್ಟು.

ಹಬ್ಬದ ದಿನ ಕತ್ತಲಾಗುವ ಮುಂಚೆಯೇ ಸುತ್ತಾಡಿಸಿಕೊಂಡು ಬನ್ನಿ. ಹಾರ್ನೆಸ್‌ಗೊಂದು, ಬೆಲ್ಟಿಗೊಂದು, ಎರಡು ಹಗ್ಗ ಇರಲಿ. ನೆಂಟರು ಬರುವ ಮನೆಯಲ್ಲಿ ಮುಂಬಾಗಿಲೇ ದೊಡ್ಡ ಅಪಾಯ. ಒಬ್ಬರು ಬಾಗಿಲು ತೆರೆದು ಚಪ್ಪಲಿ ಬಿಡುವಷ್ಟರಲ್ಲಿ ನಾಯಿ ಬೀದಿಯಲ್ಲಿರುತ್ತದೆ.

ಬೆಳಗ್ಗೆ ನಾಯಿಯನ್ನು ಹೊರಗೆ ಬಿಡುವ ಮೊದಲು ಅಂಗಳ ಗುಡಿಸಿ. ಸಿಡಿಯದೆ ಉಳಿದ ಪಟಾಕಿಯಲ್ಲಿ ಬೇರಿಯಂ, ನೈಟ್ರೇಟ್, ಗಂಧಕ ಎಲ್ಲ ಹಾಗೇ ಇರುತ್ತವೆ, ಸುಟ್ಟದ್ದಕ್ಕಿಂತ ಸುಡದ್ದೇ ಹೆಚ್ಚು ವಿಷ. ಕಾಗದದ ಚೂರು ಅಂತ ಮರಿಗಳು ಜಗಿದುಬಿಡುತ್ತವೆ. ವಾಂತಿ, ರಕ್ತದ ಭೇದಿ, ಒಸಡು ಕಂದು ಬಣ್ಣಕ್ಕೆ ತಿರುಗುವುದು ಕಂಡರೆ ಉಳಿದ ಚೂರನ್ನು ಕವರಿನಲ್ಲಿ ಹಾಕಿಕೊಂಡು ವೈದ್ಯರ ಹತ್ತಿರ ಓಡಿ. ಏನು ತಿಂದಿದೆ ಅಂತ ಅವರಿಗೆ ತೋರಿಸಲು ಬೇಕಾಗುತ್ತದೆ.